ಕೊಮಿತಾಸ್: ಹಾಡು ಸಂಗ್ರಹಿಸಿದವರೋ, ಸಂಗೀತ ಕಟ್ಟಿದವರೋ?

ಪ್ರಶ್ನೆ: ಡುಡುಕ್ ಅನ್ನುವ ಆರ್ಮೇನಿಯದ ಊದುವ ವಾದ್ಯ ಕೇಳುತ್ತ ಕೇಳುತ್ತ ಕೊಮಿತಾಸ್ ಅನ್ನುವ ಹೆಸರು ಸಿಕ್ಕಿತು. ಆರ್ಮೇನಿಯದ ಶಾಸ್ತ್ರೀಯ ಸಂಗೀತಕ್ಕೆ ಬುನಾದಿ ಹಾಕಿದವರು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಅವರ ಹೆಸರಿನ ಪಕ್ಕದಲ್ಲಿ ನೋಡಿದರೆ ಬಹುತೇಕ ಕಡೆ 'ಜನಪದ ಗೀತೆ' ಅಂತಲೇ ಇರುತ್ತದೆ. ಹಳ್ಳಿಯವರ ಹಾಡು ಬರೆದಿಟ್ಟುಕೊಂಡವರನ್ನು ಸಂಯೋಜಕ ಅನ್ನಬಹುದಾ? 1915ರ ನಂತರ ಅವರ ಸಂಗೀತ ನಿಂತೇ ಹೋಯಿತಂತೆ, ಏನಾಯಿತು? ಸಂಯೋಜಕ ಖಚತುರಿಯನ್ ಇವರ ಶಿಷ್ಯರಾ? ನಾನು ಕರ್ನಾಟಕ ಸಂಗೀತ ಸ್ವಲ್ಪ ಕಲಿತವನು. ಪಾಶ್ಚಾತ್ಯ ಸಂಗೀತ ಅಷ್ಟಾಗಿ ಗೊತ್ತಿಲ್ಲ.

ಉತ್ತರ: ಸಂಯೋಜಕ ಅನ್ನಬಹುದು. ನನ್ನ ಪ್ರಕಾರ ಅನ್ನಲೇಬೇಕು. ಆದರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಕೊಮಿತಾಸ್ ಹೆಸರಲ್ಲಿ ಸಿಂಫನಿ ಇಲ್ಲ. ಒಂದು ಒಪೆರಾ ಬರೆಯಲು ಹೊರಟಿದ್ದರು, ಮುಗಿಯಲಿಲ್ಲ. ಇರುವುದು ಹೆಚ್ಚಾಗಿ ಎರಡು ಮೂರು ನಿಮಿಷದ ಹಾಡುಗಳು, ವೃಂದಗಾನಗಳು, ಪಿಯಾನೊಗೆ ಬರೆದ ಕೆಲವು ನೃತ್ಯಗಳು, ಒಂದು ದೊಡ್ಡ ಚರ್ಚ್ ಕೃತಿ. ಅವುಗಳಲ್ಲಿ ಬಹುಪಾಲು ರಾಗ ಅವರದ್ದಲ್ಲ. ಹಾಗಾದರೆ ಅವರದ್ದೇನು? ರಾಗದ ಸುತ್ತ ಇರುವುದೆಲ್ಲ ಅವರದ್ದು. ಒಂದೇ ಎಳೆಯಲ್ಲಿ ಹರಿಯುವ ಸಂಗೀತದ ಪಕ್ಕ ಇನ್ನೆರಡು ಮೂರು ಧ್ವನಿ ನಿಲ್ಲಿಸಿ, ಮೂಲ ರಾಗದ ಗುಣ ಕೆಡದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಕರ್ನಾಟಕ ಸಂಗೀತ ಕಲಿತ ನಿಮಗೆ ಬೇಗ ಅರ್ಥವಾಗುತ್ತದೆ. ಆ ಮಾತಿಗೆ ಬರುವ ಮೊದಲು ಅವರ ಬದುಕನ್ನು ಸ್ವಲ್ಪ ಹೇಳಬೇಕು.

ಅವರ ಹುಟ್ಟು ಹೆಸರು ಸೊಗೊಮೊನ್ ಸೊಗೊಮೊನ್ಯನ್. ಹುಟ್ಟಿದ್ದು 1869ರಲ್ಲಿ, ಆಗಿನ ಒಟ್ಟೊಮನ್ ಸಾಮ್ರಾಜ್ಯದ ಕುತಾಹ್ಯಾ ಊರಿನಲ್ಲಿ. ಬಣ್ಣದ ಪಿಂಗಾಣಿ ಹೆಂಚುಗಳಿಗೆ ಹೆಸರಾದ ಊರು ಅದು. ಅಪ್ಪ ಚಪ್ಪಲಿ ಹೊಲಿಯುವವರು, ಅಮ್ಮ ಜಮಖಾನೆ ನೇಯುವವರು. ಇಬ್ಬರಿಗೂ ಒಳ್ಳೆಯ ಕಂಠ. ಮಗು ಹುಟ್ಟಿ ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಹುಡುಗನಿಗೆ ಹತ್ತು ಹನ್ನೊಂದು ಇರುವಾಗ ತಂದೆಯೂ ಹೋದರು. ಅಲ್ಲಿನ ಆರ್ಮೇನಿಯನ್ನರು ಮನೆಯಲ್ಲಿ ಆಡುತ್ತಿದ್ದದ್ದು ಟರ್ಕಿಷ್. ಹಾಗಾಗಿ ಮುಂದೆ ಆರ್ಮೇನಿಯನ್ ಸಂಗೀತಕ್ಕೆ ದೊಡ್ಡ ಹೆಸರಾದ ಈ ಹುಡುಗನಿಗೆ ಹನ್ನೆರಡರ ತನಕ ಆರ್ಮೇನಿಯನ್ ಭಾಷೆಯೇ ಬರುತ್ತಿರಲಿಲ್ಲ.

1881ರಲ್ಲಿ ಆರ್ಮೇನಿಯನ್ ಚರ್ಚಿನ ಕೇಂದ್ರವಾದ ಎಚ್ಮಿಯಾಡ್ಜಿನ್‌ನ ಗುರುಕುಲಕ್ಕೆ ಒಬ್ಬ ಅನಾಥ ಹುಡುಗನನ್ನು ಕರೆದೊಯ್ಯುವುದು ಅಂತಾಯಿತು. ಕಂಠ ಚೆನ್ನಾಗಿದ್ದುದರಿಂದ ಸೊಗೊಮೊನ್ ಆಯ್ಕೆಯಾದ. ಅಲ್ಲಿ ಧರ್ಮಗುರು ನಾಲ್ಕನೇ ಗೆವೊರ್ಗ್ ಆರ್ಮೇನಿಯನ್‌ನಲ್ಲಿ ಮಾತಾಡಿಸಿದಾಗ ಹುಡುಗನಿಗೆ ಏನೂ ತಿಳಿಯಲಿಲ್ಲ. ನನಗೆ ಆರ್ಮೇನಿಯನ್ ಬರಲ್ಲ, ಬೇಕಾದರೆ ಹಾಡುತ್ತೇನೆ ಅಂದನಂತೆ. ಮಾತಿನ ಅರ್ಥ ಗೊತ್ತಿಲ್ಲದೆ ಚರ್ಚಿನ ಒಂದು ಸ್ತುತಿಗೀತೆಯನ್ನು ಪೂರ್ತಿ ಹಾಡಿದ. ಅನಾಥ ಬಾಲಕನ ಈ ಕಥೆಯನ್ನು ಆರ್ಮೇನಿಯದಲ್ಲಿ ಮಕ್ಕಳಿಗೂ ಹೇಳುತ್ತಾರೆ. ಕಣ್ಣೀರು ತರಿಸಲು ಹೇಳುವುದೇ ಜಾಸ್ತಿ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ಇವನು ತನ್ನ ಜನರ ಸಂಗೀತಕ್ಕೆ ಭಾಷೆಯ ಬಾಗಿಲಿಂದ ಬಂದವನಲ್ಲ, ಕಿವಿಯ ಬಾಗಿಲಿಂದ ಬಂದವನು.

ಗುರುಕುಲದಲ್ಲಿ ಕಲಿತದ್ದರಲ್ಲಿ ತುಂಬ ಉಪಯೋಗಕ್ಕೆ ಬಂದದ್ದು ಒಂದು ಸ್ವರಲಿಪಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಸ್ತಾನ್‌ಬುಲ್‌ನ ಹಂಪರ್ತ್ಸುಮ್ ಲಿಮೊಂಜ್ಯನ್ ಅನ್ನುವ ಆರ್ಮೇನಿಯನ್ ಸಂಗೀತಗಾರ ರೂಪಿಸಿದ್ದು. ಐದು ಗೆರೆಗಳ ರಗಳೆ ಇಲ್ಲ, ಸಣ್ಣ ಸಣ್ಣ ಗುರುತು ಅಷ್ಟೆ. ಕೈ ಪಳಗಿದರೆ ಹಾಡುವವರ ವೇಗದಲ್ಲೇ ಬರೆದುಕೊಳ್ಳಬಹುದು. ಧ್ವನಿಮುದ್ರಣ ಯಂತ್ರ ಕೈಗೆ ಸಿಗದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಉಪಕರಣ ಇರಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಅಕ್ಕಪಕ್ಕದ ಹಳ್ಳಿಗಳಿಗೆ ಹೋಗಿ ಹಾಡು ಬರೆದುಕೊಳ್ಳಲು ಶುರು ಮಾಡಿದರು. 1893ರಲ್ಲಿ ಓದು ಮುಗಿಸಿ ಅಲ್ಲೇ ಸಂಗೀತದ ಮೇಷ್ಟ್ರಾದರು. ಮರುವರ್ಷ ಸನ್ಯಾಸ ದೀಕ್ಷೆಯ ಜೊತೆ ಕೊಮಿತಾಸ್ ಅನ್ನುವ ಹೊಸ ಹೆಸರು ಬಂತು. ಏಳನೇ ಶತಮಾನದ ಒಬ್ಬ ಧರ್ಮಗುರುವಿನ ಹೆಸರದು, ಅವರೂ ಸ್ತುತಿಗೀತೆ ಬರೆದವರು. ಹೆಸರಿನ ಜೊತೆ ಬರುವ 'ವರ್ದಪೆತ್' ಅನ್ನುವುದು ಪಂಡಿತ ಸನ್ಯಾಸಿಗಳಿಗೆ ಕೊಡುವ ಪದವಿ.

ಹಾಡು ಸಂಗ್ರಹಿಸಿದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅವರ ಸಂಗೀತದ ಗುಟ್ಟು ಅಲ್ಲೇ ಇದೆ. ರೈತರನ್ನು ಕೂರಿಸಿ 'ಉಳುಮೆ ಹಾಡು ಹೇಳಿ' ಅಂದರೆ ಅವರು ಹೇಳುವುದಿಲ್ಲ ಅನ್ನುವುದು ಅವರಿಗೆ ಬೇಗ ತಿಳಿಯಿತು. ನೇಗಿಲು ಹಿಡಿಯದೆ ಉಳುಮೆ ಹಾಡು ಹಾಡುವುದು ಹಳ್ಳಿಯವರ ಕಣ್ಣಿಗೆ ಹುಚ್ಚಾಟ. ನಮ್ಮ ಅಜ್ಜಿಯರನ್ನು ಸೋಫಾ ಮೇಲೆ ಕೂರಿಸಿ ಬೀಸುವ ಪದ ಹಾಡಿಸಿದ ಹಾಗೆ. ಹಾಗಾಗಿ ಕೊಮಿತಾಸ್ ಹೊಲ, ಕಣ, ಮದುವೆ, ಜಾತ್ರೆ ಅಂತ ಹಾಡು ಹುಟ್ಟುವ ಜಾಗಕ್ಕೇ ಹೋಗುತ್ತಿದ್ದರು. ಕೆಲವೊಮ್ಮೆ ಮರೆಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದರು. ಕಪ್ಪು ನಿಲುವಂಗಿಯ ಪಾದ್ರಿ ಎದುರು ನಿಂತರೆ ಹುಡುಗಿಯರು ಪ್ರೀತಿಯ ಹಾಡು ಹಾಡುತ್ತಾರಾ?

ಉತ್ತರ ಆರ್ಮೇನಿಯದ ಲೋರಿ ಸೀಮೆಯ ಉಳುಮೆ ಹಾಡಿನ ಮೇಲೆ ಅವರು ಬರೆದ ಪ್ರಬಂಧವನ್ನು ನಾನು ಅವರ ಬರಹಗಳಲ್ಲೇ ಮೇಲು ಅನ್ನುತ್ತೇನೆ. ವರ್ದಬ್ಲೂರ್ ಅನ್ನುವ ಒಂದೇ ಹಳ್ಳಿಯ ಒಂದೇ ಹಾಡು. ಅಲ್ಲಿನ ಭಾರಿ ನೇಗಿಲಿಗೆ ಹಲವು ಜೋಡಿ ಎತ್ತು, ಎಮ್ಮೆ ಕಟ್ಟುತ್ತಾರೆ. ಹಿಂದೆ ಮೇಟಿ ಹಿಡಿದ ಯಜಮಾನ, ಮುಂದೆ ನೊಗದ ಮೇಲೆ ಕೂತ ಹುಡುಗರು. ಯಜಮಾನ ಎತ್ತಿಕೊಟ್ಟ ಸಾಲನ್ನು ಹುಡುಗರು ಮುಂದುವರಿಸುತ್ತಾರೆ. ನಡುನಡುವೆ ಎತ್ತುಗಳನ್ನು ಹೆಸರು ಹಿಡಿದು ಕರೆಯುವುದು, ಗದರುವುದು, ದೇವರನ್ನು ನೆನೆಯುವುದು, ಸಾಲಿನ ಕೊನೆಯಲ್ಲಿ ತಿರುಗಿಸುವಾಗಿನ ಕೂಗು. ಇವೆಲ್ಲ ಹಾಡಿನ ಹೊರಗಿನ ಗದ್ದಲ ಅಂತ ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದರು. ಕೊಮಿತಾಸ್ ಬಿಡಲಿಲ್ಲ. ಉಸಿರು, ಕೂಗು, ನೇಗಿಲಿನ ಓಟ, ಇವೇ ಆ ಹಾಡಿನ ಲಯವನ್ನು ಕಟ್ಟುತ್ತವೆ ಅಂತ ತೋರಿಸಿದರು. ಅವರು ಬರೆದಿಟ್ಟದ್ದು 3000ಕ್ಕೂ ಹೆಚ್ಚು ಹಾಡು ಅನ್ನುತ್ತಾರೆ. ಉಳಿದಿರುವುದು ಸುಮಾರು 1200. ಹಂಗೆರಿಯಲ್ಲಿ ಸಂಯೋಜಕರಾದ ಬಾರ್ಟೋಕ್, ಕೊಡಾಯ್ ಹಳ್ಳಿ ಸುತ್ತಲು ಹೊರಟದ್ದು 1905ರ ಆಸುಪಾಸಿನಲ್ಲಿ. ಅಷ್ಟು ಹೊತ್ತಿಗೆ ಇವರು ಹದಿನೈದು ವರ್ಷದ ಕೆಲಸ ಮಾಡಿ ಆಗಿತ್ತು. ಆರ್ಮೇನಿಯನ್ ಹಾಡಷ್ಟೇ ಅಲ್ಲ, ಕುರ್ದರ ಹಾಡುಗಳನ್ನೂ ಬರೆದುಕೊಂಡು ಪ್ರಕಟಿಸಿದರು.

1895ರಲ್ಲಿ ಟಿಫ್ಲಿಸ್‌ಗೆ, ಅಂದರೆ ಇವತ್ತಿನ ತ್ಬಿಲಿಸಿಗೆ ಹೋಗಿ ಮಕಾರ್ ಯೆಕ್ಮಲ್ಯನ್ ಹತ್ತಿರ ಹಾರ್ಮನಿ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಜೋಡಿಸುವ ವಿದ್ಯೆ ಕಲಿತರು. ಮರುವರ್ಷ ಬರ್ಲಿನ್‌ಗೆ ಹೋದರು. ಖರ್ಚು ಕೊಟ್ಟವರು ಅಲೆಕ್ಸಾಂಡರ್ ಮಂತಾಶೆವ್ ಅನ್ನುವ ಎಣ್ಣೆ ಬಾವಿಗಳ ಒಡೆಯ. ಅಲ್ಲಿ ರಿಚರ್ಡ್ ಶ್ಮಿಟ್ ಅವರ ಖಾಸಗಿ ಸಂಗೀತಶಾಲೆಯಲ್ಲಿ ಪಾಠ, ವಿಶ್ವವಿದ್ಯಾಲಯದಲ್ಲಿ ಸಂಗೀತಶಾಸ್ತ್ರ. 1899ರಲ್ಲಿ ಅಂತರರಾಷ್ಟ್ರೀಯ ಸಂಗೀತ ಸಂಘ ಶುರುವಾದಾಗ ಅದರ ಮೊದಲ ಸದಸ್ಯರಲ್ಲಿ ಇವರೂ ಒಬ್ಬರು. ಅದೇ ವರ್ಷ ಎಚ್ಮಿಯಾಡ್ಜಿನ್‌ಗೆ ಮರಳಿದರು. ಜರ್ಮನ್ ಸಂಗೀತದ ವ್ಯಾಕರಣ ಅವರಿಗೆ ಈಗ ಪೂರ್ತಿ ಗೊತ್ತು. ಅದನ್ನು ಎಲ್ಲಿ ಬಳಸಬಾರದು ಅನ್ನುವುದೂ ಗೊತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಶಂಕರಾಭರಣ ಹಾಡಿಕೊಳ್ಳಿ. ಸರಿಗಮ ಒಂದು ತುಂಡು, ಪದನಿಸ ಇನ್ನೊಂದು ತುಂಡು. ಎರಡರ ಅಂತರಗಳೂ ಒಂದೇ, ನಡುವೆ ಮ ಮತ್ತು ಪ ನಡುವಿನ ಜಾಗ ಬಿಟ್ಟಿದೆ. ಮೇಲಿನ ಸ ಮುಟ್ಟಿದರೆ ಮತ್ತೆ ಮೊದಲಿನ ಕಥೆಯೇ. ಮಧ್ಯ ಸ್ಥಾಯಿಯಲ್ಲಿ ಅಂತರ ಗಾಂಧಾರ (ಎತ್ತರದ ಗ) ಇದ್ದರೆ ತಾರ ಸ್ಥಾಯಿಯಲ್ಲೂ ಅದೇ. ಆರ್ಮೇನಿಯದ ಹಳೆಯ ಸಂಗೀತ ಹೀಗಿಲ್ಲ ಅಂತ ಕೊಮಿತಾಸ್ ತೋರಿಸಿದರು. ಅಲ್ಲಿ ತುಂಡುಗಳ ನಡುವೆ ಜಾಗ ಇಲ್ಲ. ಒಂದು ತುಂಡಿನ ಕೊನೆಯ ಸ್ವರವೇ ಮುಂದಿನ ತುಂಡಿನ ಮೊದಲ ಸ್ವರ. ಸರಿಗಮ ಹಾಡಿ, ಆ ಮಧ್ಯಮವನ್ನೇ ಹೊಸ ಷಡ್ಜ ಅಂದುಕೊಂಡು ಮತ್ತೆ ಸರಿಗಮ ಹಾಡಿ. ಅದು ಮುಗಿಯುವಾಗ ನೀವು ನಿಂತಿರುವುದು ಕೈಶಿಕಿ ನಿಷಾದದ (ತಗ್ಗಿನ ನಿ) ಮೇಲೆ, ಕಾಕಲಿಯ (ಎತ್ತರದ ನಿ) ಮೇಲಲ್ಲ. ಅಲ್ಲಿಂದ ಇನ್ನೊಂದು ಸರಿಗಮ ಹಾಡಿದರೆ ತಾರ ಸ್ಥಾಯಿಯ ಗಾಂಧಾರ ಸಾಧಾರಣ (ತಗ್ಗಿನ ಗ) ಆಗಿಬಿಡುತ್ತದೆ. ಕೆಳಗಿನ ಗಾಂಧಾರ ಅಂತರ, ಮೇಲಿನದು ಸಾಧಾರಣ. ಷಡ್ಜದಿಂದ ಕೆಳಗೆ ಇಳಿದರೆ ನಿಷಾದ ಕಾಕಲಿ, ಮೇಲೆ ಹೋದರೆ ಕೈಶಿಕಿ. ಸರಪಳಿಯಂತೆ ಮುಂದೆ ಹೋಗುತ್ತಲೇ ಇರುತ್ತದೆ, ಮೇಲಿನ ಸ್ಥಾಯಿ ಕೆಳಗಿನದ್ದರ ಪುನರಾವರ್ತನೆ ಅಲ್ಲ. ಒಮ್ಮೆ ಹಾಡಿ ನೋಡಿ, ಎರಡನೇ ತುಂಡಿನಲ್ಲೇ ಕಿವಿಗೆ ಬೇರೆ ಗಾಳಿ ಬಡಿದ ಹಾಗಾಗುತ್ತದೆ.

ಇನ್ನು ಯುರೋಪಿನ ಹಾರ್ಮನಿ. ಅದರ ಜೀವ ಇರುವುದು ಕಾಕಲಿ ನಿಷಾದ ಷಡ್ಜವನ್ನು ಹುಡುಕಿಕೊಂಡು ಹೋಗುವುದರಲ್ಲಿ. ಪಂಚಮದ ಮೇಲೆ ಕಟ್ಟಿದ ಸ್ವರಗುಚ್ಛ ಷಡ್ಜದ ಸ್ವರಗುಚ್ಛಕ್ಕೆ ಬಂದು ನಿಲ್ಲಬೇಕು, ಆಗ ವಾಕ್ಯ ಮುಗಿದ ಹಾಗೆ. ಆರ್ಮೇನಿಯದ ರಾಗಕ್ಕೆ ಈ ವ್ಯಾಕರಣ ಹಚ್ಚಿದರೆ ಏನಾಗುತ್ತದೆ? ಎಲ್ಲ ಕಡೆ ಕಾಕಲಿ ನಿಷಾದ ನುಗ್ಗುತ್ತದೆ, ರಾಗ ನಿಲ್ಲಬೇಕಾದ ಸ್ವರದ ಮೇಲೆ ನಿಲ್ಲುವುದಿಲ್ಲ, ಕೊನೆಗೆ ಎಲ್ಲ ಹಾಡೂ ಜರ್ಮನ್ ಚರ್ಚಿನ ಹಾಡಿನ ತಮ್ಮನಂತೆ ಕೇಳುತ್ತದೆ. ನಮ್ಮ ಎಷ್ಟೋ ಸಿನಿಮಾ, ಫ್ಯೂಷನ್ ಪ್ರಯೋಗಗಳಲ್ಲಿ ಖರಹರಪ್ರಿಯದ ಕೆಳಗೆ ಗಿಟಾರಿನ ಸಿದ್ಧ ಕಾರ್ಡ್‌ಗಳನ್ನು ಇಟ್ಟಾಗ ಆಗುವುದೂ ಇದೇ. ಯೆಕ್ಮಲ್ಯನ್ ತಮ್ಮ ಚರ್ಚ್ ಸಂಗೀತದಲ್ಲಿ ಯುರೋಪಿನ ದಾರಿ ಹಿಡಿದಿದ್ದರು. 1898ರಲ್ಲಿ ಕೊಮಿತಾಸ್ ಅದನ್ನು ಬರಹದಲ್ಲೇ ಟೀಕಿಸಿದರು. ತಮಗೆ ಪಾಠ ಹೇಳಿದ ಗುರುವಿನ ಕೃತಿಯನ್ನು! ಸ್ವಲ್ಪ ಗಟ್ಟಿ ಮನುಷ್ಯ ಅಂತ ಇಟ್ಟುಕೊಳ್ಳಿ.

ಅವರು ಹಿಡಿದ ದಾರಿ ಹೀಗಿದೆ. ಮೊದಲನೆಯದಾಗಿ ಶ್ರುತಿ. ಡುಡುಕ್ ಕೇಳುತ್ತೀರಲ್ಲ, ಅದರಲ್ಲಿ ಒಬ್ಬರು ರಾಗ ನುಡಿಸುವಾಗ ಇನ್ನೊಬ್ಬರು ಒಂದೇ ಸ್ವರ ಹಿಡಿದು ಊದುತ್ತಿರುತ್ತಾರೆ. ನಾಗಸ್ವರಕ್ಕೆ ಒತ್ತು ಹಿಡಿದಂತೆ. ಆ ಹಿಡಿದ ಸ್ವರವನ್ನು ಕೊಮಿತಾಸ್ ವೃಂದಗಾನಕ್ಕೂ ಪಿಯಾನೊಗೂ ತಂದರು. ಎರಡನೆಯದು, ಸ್ವರಗಳನ್ನು ಒಟ್ಟಿಗೆ ನುಡಿಸುವಾಗ ಸ-ಗ-ಪ ಅನ್ನುವ ದಪ್ಪ ಗುಚ್ಛ ಬಿಟ್ಟು ಸ-ಮ, ಸ-ಪ ಅನ್ನುವ ಬರಿದಾದ ಜೋಡಿಗಳನ್ನು ಜಾಸ್ತಿ ಬಳಸಿದರು. ರಾಗದ ತುಂಡುಗಳೇ ಸ-ಮ ಅಂತರದ್ದಾದ್ದರಿಂದ ಇದು ರಾಗದ ಮೈಯಿಂದಲೇ ಬಂದ ಹಾರ್ಮನಿ. ಮೂರನೆಯದು, ಪಕ್ಕದ ಧ್ವನಿಗಳಿಗೆ ಅವುಗಳದ್ದೇ ಹಾಡು ಕೊಟ್ಟರು. ಒಂದು ಧ್ವನಿ ಹೇಳಿದ್ದನ್ನು ಇನ್ನೊಂದು ತಡವಾಗಿ ಹಿಡಿಯುತ್ತದೆ, ಮತ್ತೊಂದು ಎರಡೇ ಸ್ವರವನ್ನು ತಿರುತಿರುಗಿ ಹೇಳುತ್ತ ಲಯ ನಡೆಸುತ್ತದೆ. ಎಲ್ಲಕ್ಕಿಂತ ಮುಖ್ಯ, ತುಂಬ ಕಡೆ ಅವರು ಏನೂ ಬರೆಯಲಿಲ್ಲ. ಜಾಗ ಖಾಲಿ ಬಿಟ್ಟರು. ಬರ್ಲಿನ್‌ನಲ್ಲಿ ಕಲಿತು ಬಂದವರಿಗೆ ಇದು ಸುಲಭದ ಮಾತಲ್ಲ, ಕಲಿತದ್ದನ್ನು ತೋರಿಸಬೇಕು ಅನ್ನುವ ಚಪಲ ಇದ್ದೇ ಇರುತ್ತದೆ ಅಲ್ವಾ?

'ಅಂತುನಿ' ಕೇಳಿ. ದುಡಿಮೆಗೆಂದು ಊರು ಬಿಟ್ಟು ದೂರದ ಪಟ್ಟಣ ಸೇರಿದವನ ಹಾಡು. ಅಕ್ನ್ ಅನ್ನುವ ಊರಿನ ಕಡೆಯದ್ದು, ಅಲ್ಲಿನ ಗಂಡಸರು ಹೀಗೆ ವರ್ಷಗಟ್ಟಲೆ ಪರವೂರಲ್ಲಿ ದುಡಿಯುತ್ತಿದ್ದರು. ನನ್ನ ಎದೆ ಬಿದ್ದುಹೋದ ಮನೆಯಂತಿದೆ ಅಂತ ಹಾಡು ಶುರುವಾಗುತ್ತದೆ. ಹಾಡುವವರ ಧ್ವನಿ ತಾಳದ ಕಟ್ಟು ಬಿಟ್ಟು ಏರಿಳಿಯುತ್ತದೆ. ಪಿಯಾನೊ ಅದರ ಹಿಂದೆ ಓಡುವುದಿಲ್ಲ, ಅಳುವುದೂ ಇಲ್ಲ. ಬೇಕಾದ ಕಡೆ ಒಂದೆರಡು ಸ್ವರ ಇಟ್ಟು ಸುಮ್ಮನಾಗುತ್ತದೆ. ರಾಗ ಹಳ್ಳಿಯವರದ್ದು, ನಿಜ. ಆದರೆ ಆ ಒಂದೆರಡು ಸ್ವರ ಎಲ್ಲಿ, ಎಷ್ಟು ಹೊತ್ತು ಅನ್ನುವ ತೀರ್ಮಾನ ಯಾರದ್ದು? ಅದನ್ನೇ ನಾನು ಸಂಯೋಜನೆ ಅನ್ನುವುದು. 1906ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಅವರ ಕಛೇರಿ ಆಯಿತು. ಕೊಮಿತಾಸ್ ಈ ಒಂದು 'ಅಂತುನಿ' ಮಾತ್ರ ಬರೆದಿದ್ದರೂ ಅವರನ್ನು ದೊಡ್ಡ ಕಲಾವಿದ ಅನ್ನಲು ಸಾಕಾಗುತ್ತಿತ್ತು ಅಂತ ಫ್ರಾನ್ಸಿನ ಸಂಯೋಜಕ ದೆಬುಸಿ ಹೇಳಿದರೆನ್ನುವ ಮಾತು ಬಾಯಿಂದ ಬಾಯಿಗೆ ಬಂದಿದೆ.

'ಗರುನ್ ಆ' ಇನ್ನೊಂದು. ವಸಂತ ಬಂದಿದೆ, ಆದರೂ ಹಿಮ ಬಿದ್ದಿದೆ, ನನ್ನ ನಲ್ಲ ತಣ್ಣಗಾಗಿದ್ದಾನೆ. ಇಷ್ಟೇ ಹಾಡು. 'ಕ್ರುಂಕ್' ಹಾಡಿನಲ್ಲಿ ಪರದೇಶದಲ್ಲಿರುವವನು ಹಾರುವ ಕೊಕ್ಕರೆಯನ್ನು ನಮ್ಮ ನಾಡಿನ ಸುದ್ದಿ ಏನಾದರೂ ಉಂಟಾ ಅಂತ ಕೇಳುತ್ತಾನೆ. ಎಲ್ಲವೂ ಹೀಗೆ ಭಾರ ಅಂದುಕೊಳ್ಳಬೇಡಿ. ಪುಟ್ಟ ಕವುಜುಗ ಹಕ್ಕಿಯ ಮೇಲಿನ 'ಕಕಾವಿಕ್' ಮಕ್ಕಳೂ ಕುಣಿಯುವ ಹಾಡು, ಅದರ ಸಾಹಿತ್ಯ ಕವಿ ಹೊವಾನೆಸ್ ತುಮನ್ಯನ್ ಅವರದ್ದು. ಪಿಯಾನೊ ನೃತ್ಯಗಳಲ್ಲಿ ಯಾವುದು ಯಾವ ಊರಿನ ಕುಣಿತ, ಯಾವ ಹಳ್ಳಿ ವಾದ್ಯದ ನಾದ ನೆನೆದು ನುಡಿಸಬೇಕು ಅಂತ ಅವರೇ ಸೂಚಿಸಿದ್ದಾರೆ. ಒಳ್ಳೆಯ ಪಿಯಾನೊ ವಾದಕರು ನುಡಿಸಿದರೆ ತಂತಿ ಮೀಟಿದ ಸದ್ದು, ದಪ್ಪು ತಟ್ಟಿದ ಸದ್ದು ಬೇರೆ ಬೇರೆ ಕೇಳುತ್ತದೆ. ಇನ್ನು ಚರ್ಚಿನ ಪೂಜಾವಿಧಿಗೆ ಗಂಡಸರ ವೃಂದಕ್ಕಾಗಿ ಬರೆದ 'ಪತರಗ್'. ಅದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಿದ್ದುತ್ತಲೇ ಇದ್ದರು. ಅಚ್ಚಾದದ್ದು 1933ರಲ್ಲಿ ಪ್ಯಾರಿಸ್‌ನಲ್ಲಿ, ಶಿಷ್ಯನ ಕೈಯಿಂದ.

ಮಠದ ಜೊತೆ ಅವರಿಗೆ ಸರಿಹೋಗಲಿಲ್ಲ. ಸನ್ಯಾಸಿ ಪ್ರೀತಿಯ ಹಾಡು, ಕುಣಿತದ ಹಾಡು ಹಿಡಿದುಕೊಂಡು ತಿರುಗುವುದು ಹಲವರಿಗೆ ಸಹಿಸಲಾಗಲಿಲ್ಲ. ಬೆನ್ನಿಗೆ ನಿಂತಿದ್ದ ಧರ್ಮಗುರು ಖ್ರಿಮ್ಯನ್ 1907ರಲ್ಲಿ ತೀರಿಕೊಂಡ ಮೇಲೆ ಕಿರಿಕಿರಿ ಜಾಸ್ತಿಯಾಯಿತು. ನೆಮ್ಮದಿಯಾಗಿ ಕೆಲಸ ಮಾಡಲು ಬಿಡಿ ಅಂತ ಹೊಸ ಧರ್ಮಗುರುವಿಗೆ ಪತ್ರ ಬರೆದರು. ಫಲ ಸಿಗಲಿಲ್ಲ. 1910ರಲ್ಲಿ ಇಸ್ತಾನ್‌ಬುಲ್‌ಗೆ ಹೊರಟುಬಿಟ್ಟರು. ಅಲ್ಲಿ ಚಿತ್ರಕಾರ ಪಾನೊಸ್ ತೆರ್ಲೆಮೆಜ್ಯನ್ ಜೊತೆ ಒಂದೇ ಮನೆಯಲ್ಲಿದ್ದರು. 300 ಜನರ 'ಗುಸಾನ್' ಅನ್ನುವ ಗಾಯನವೃಂದ ಕಟ್ಟಿದರು. ಅಲ್ಲಿಯೂ ಪಾದ್ರಿಗಳ ತಕರಾರು, ದೇವರ ಹಾಡನ್ನು ನಾಟಕಶಾಲೆಯಲ್ಲಿ ಹಾಡಿಸಬಾರದಂತೆ. ಇವರು ಹಾಡಿಸಿದರು. ಜನ ಕಿಕ್ಕಿರಿದು ಬಂದರು. ಸಂಗೀತಶಾಲೆ ಕಟ್ಟಬೇಕು ಅನ್ನುವ ಆಸೆ ಮಾತ್ರ ಕೈಗೂಡಲಿಲ್ಲ. ಕೆಲವೇ ಶಿಷ್ಯರನ್ನು ಹತ್ತಿರ ಇಟ್ಟುಕೊಂಡು ಪಾಠ ಹೇಳಿದರು.

ಇನ್ನೊಂದು ದೊಡ್ಡ ಕೆಲಸವೂ ನಡೆದಿತ್ತು. ಮಧ್ಯಯುಗದ ಆರ್ಮೇನಿಯನ್ ಹಸ್ತಪ್ರತಿಗಳಲ್ಲಿ ಸಾಹಿತ್ಯದ ಮೇಲೆ 'ಖಜ್' ಅನ್ನುವ ಗುರುತುಗಳಿವೆ. ಹಾಡುವ ಬಗೆ ತಿಳಿಸುವ ಗುರುತುಗಳು. ಓದುವ ವಿದ್ಯೆ ಶತಮಾನಗಳ ಹಿಂದೆಯೇ ಮರೆತುಹೋಗಿತ್ತು. ಕೊಮಿತಾಸ್ ಅದರ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು. ಸರಳವಾದವುಗಳನ್ನು ಓದಬಲ್ಲೆ ಅನ್ನುವ ಹಂತಕ್ಕೆ ಬಂದಿದ್ದರು. 1914ರ ಬೇಸಿಗೆಯಲ್ಲಿ ಪ್ಯಾರಿಸ್‌ನ ಸಂಗೀತ ಸಮ್ಮೇಳನದಲ್ಲಿ ಈ ಬಗ್ಗೆ ಮಾತಾಡಿದರು ಕೂಡ. ಆ ಟಿಪ್ಪಣಿಗಳು ನಮಗೆ ಸಿಕ್ಕಿಲ್ಲ. ಖಜ್ ಇವತ್ತಿಗೂ ಪೂರ್ತಿ ಬಿಡಿಸದ ಒಗಟು.

1915ರ ಏಪ್ರಿಲ್ 24ರ ರಾತ್ರಿ ಇಸ್ತಾನ್‌ಬುಲ್‌ನಲ್ಲಿ ಪೊಲೀಸರು ಇನ್ನೂರಕ್ಕೂ ಹೆಚ್ಚು ಆರ್ಮೇನಿಯನ್ ಲೇಖಕರು, ಪತ್ರಕರ್ತರು, ವೈದ್ಯರು, ಮೇಷ್ಟ್ರುಗಳು, ಪಾದ್ರಿಗಳನ್ನು ಮನೆಗಳಿಂದ ಎತ್ತಿಕೊಂಡು ಹೋದರು. ಆರ್ಮೇನಿಯನ್ನರ ನರಮೇಧದ ನೆನಪಿನ ದಿನವಾಗಿ ಜಗತ್ತಿನ ಎಲ್ಲ ಕಡೆ ಅವರು ಆಚರಿಸುವುದು ಈ ದಿನವನ್ನೇ. ಕೊಮಿತಾಸ್ ಕೂಡ ಆ ಗುಂಪಿನಲ್ಲಿದ್ದರು. ರೈಲಿನಲ್ಲಿ ಅನತೋಲಿಯದ ಒಳಗೆ ಸಾಗಿಸಿದರು, ಅಂಕಾರಾ ಹತ್ತಿರ ಎರಡು ಗುಂಪು ಮಾಡಿದರು. ಇವರನ್ನು ಚಾಂಕರ ಅನ್ನುವ ಊರಿಗೆ ಕಳಿಸಿದರು. ಜೊತೆಯಲ್ಲಿದ್ದ ಪಾದ್ರಿ ಗ್ರಿಗೋರಿಸ್ ಬಲಾಕ್ಯನ್ ಬದುಕಿ ಉಳಿದು ಬರೆದ ನೆನಪುಗಳಲ್ಲಿ, ದಾರಿಯಲ್ಲೇ ಕೊಮಿತಾಸ್ ಮನಸ್ಸು ಕದಡಿದ್ದನ್ನು ಹೇಳುತ್ತಾರೆ. ಮರಗಳನ್ನು ಕಂಡರೂ ದರೋಡೆಕೋರರು ಬಂದರೆಂದು ಬೆದರುತ್ತಿದ್ದರಂತೆ.

ಕೆಲವು ವಾರಗಳಲ್ಲೇ ಅವರನ್ನೂ ಇನ್ನು ಕೆಲವರನ್ನೂ ವಾಪಸ್ ಕಳಿಸಲು ಆದೇಶ ಬಂತು. ಯಾರ ಮಾತು ನಡೆಯಿತು ಅನ್ನುವುದರ ಬಗ್ಗೆ ಬೇರೆ ಬೇರೆ ಕಥೆಗಳಿವೆ. ಅಮೆರಿಕದ ರಾಯಭಾರಿ ಮಾರ್ಗೆಂಥಾ, ಟರ್ಕಿಯ ಕವಿ ಮೆಹ್ಮೆತ್ ಎಮಿನ್ ಹೆಸರುಗಳು ಕೇಳಿಬರುತ್ತವೆ. ಉಳಿದವರಲ್ಲಿ ಬಹಳ ಜನ ಮರಳಲಿಲ್ಲ. ಅದೇ ಚಾಂಕರದಲ್ಲಿದ್ದ ಕವಿ ದನಿಯೆಲ್ ವರುಜಾನ್ ಅವರನ್ನು ಆಗಸ್ಟ್‌ನಲ್ಲಿ ಕೊಂದರು.

ವಾಪಸ್ ಬಂದ ತಕ್ಷಣ ಎಲ್ಲ ನಿಂತುಹೋಯಿತು ಅಂತ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮನೆಯಲ್ಲಿ ಕೂತು ಅಷ್ಟಿಷ್ಟು ಕೆಲಸ ಮಾಡಿದರು. ಮೂಷ್ ಪ್ರದೇಶದ ಜಾತ್ರೆ ಕುಣಿತವನ್ನು ಪಿಯಾನೊಗೆ ಇಳಿಸಿದ 'ಮ್ಶೋ ಶೊರೊರ್' ಮುಗಿಸಿದ್ದು ಈ ಅವಧಿಯಲ್ಲೇ. ಆ ಹೊತ್ತಿಗೆ ಮೂಷ್‌ನ ಆರ್ಮೇನಿಯನ್ ಹಳ್ಳಿಗಳಲ್ಲಿ ಆ ಕುಣಿತ ಕುಣಿಯಲು ಜನವೇ ಉಳಿದಿರಲಿಲ್ಲ. ಇದನ್ನು ತಿಳಿದು ಕೇಳಿದರೆ ಆ ನಿಧಾನ ಲಯ ಬೇರೆಯೇ ಆಗುತ್ತದೆ. 1916ರ ಶರತ್ಕಾಲದಲ್ಲಿ ಗೆಳೆಯರು ಅವರನ್ನು ಇಸ್ತಾನ್‌ಬುಲ್‌ನ ಆಸ್ಪತ್ರೆಗೆ ಸೇರಿಸಿದರು. 1919ರಲ್ಲಿ ಪ್ಯಾರಿಸ್‌ಗೆ ಕಳಿಸಿದರು. ಅಲ್ಲಿ ಮೊದಲು ವಿಲ್-ಎವ್ರಾರ್, 1922ರಿಂದ ವಿಲ್‌ಜುಯಿಫ್ ಮಾನಸಿಕ ಆಸ್ಪತ್ರೆ. ನೋಡಲು ಬಂದವರಲ್ಲಿ ಹೆಚ್ಚಿನವರ ಜೊತೆ ಮಾತಾಡುತ್ತಿರಲಿಲ್ಲ. ಪಿಯಾನೊ ಮುಟ್ಟಲಿಲ್ಲ. 1935ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮರುವರ್ಷ ದೇಹವನ್ನು ಯೆರೆವಾನ್‌ಗೆ ಒಯ್ದರು. ಅಲ್ಲಿನ ಗಣ್ಯರ ಸ್ಮಶಾನಕ್ಕೆ ಈಗ ಅವರದ್ದೇ ಹೆಸರು, ಸಂಗೀತ ವಿದ್ಯಾಲಯಕ್ಕೂ ಅವರದ್ದೇ ಹೆಸರು.

ಅವರಿಗೆ ಹುಚ್ಚು ಹಿಡಿಯಿತು ಅಂತ ಒಂದೇ ಮಾತಲ್ಲಿ ಮುಗಿಸುವುದು ಹಳೆಯ ರೂಢಿ. ಇತ್ತೀಚೆಗೆ ಅವರ ಆಸ್ಪತ್ರೆಯ ದಾಖಲೆ ನೋಡಿದ ಮನೋವೈದ್ಯೆ ರೀಟಾ ಕುಯುಮ್‌ಜಿಯನ್ ಇದು ಆಘಾತದ ನಂತರ ಬರುವ ಮಾನಸಿಕ ಕಾಯಿಲೆ ಅನ್ನುತ್ತಾರೆ. ಅವರ ವಾದ ನನಗೆ ಒಪ್ಪಿಗೆಯಾಗುತ್ತದೆ. ಬಾಲ್ಯದಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವರು, ಮಠದಲ್ಲಿ ಒಂಟಿಯಾದವರು. ಹಾಡು ಕೊಟ್ಟ ಹಳ್ಳಿಗಳೇ ಇಲ್ಲವಾದವು. ಇಸ್ತಾನ್‌ಬುಲ್‌ನ ಮನೆ ಖಾಲಿ ಮಾಡುವಾಗ ಕಾಗದಗಳು ಚೆಲ್ಲಾಪಿಲ್ಲಿಯಾದವು. ಉಳಿದದ್ದನ್ನು ಕಾಪಾಡಿದವರು ಗೆಳೆಯರು, ಶಿಷ್ಯರು. ಅವರ ಶಿಷ್ಯರಲ್ಲಿ ಬರ್ಸೆಗ್ ಕನಾಚ್ಯನ್ ಒಬ್ಬರು. ಆರ್ಮೇನಿಯದ ಇವತ್ತಿನ ರಾಷ್ಟ್ರಗೀತೆಯ ಸಂಗೀತ ಅವರದ್ದು. ಮಿಹ್ರಾನ್ ತುಮಜಾನ್ ಬದುಕುಳಿದು ದೇಶಾಂತರ ಹೋದವರ ಬಾಯಿಂದ ಹಾಡು ಬರೆದುಕೊಳ್ಳುತ್ತ ಗುರುವಿನ ಕೆಲಸ ಮುಂದುವರಿಸಿದರು.

ಖಚತುರಿಯನ್ ಶಿಷ್ಯರಲ್ಲ. ಅವರು ಹುಟ್ಟಿದ್ದು 1903ರಲ್ಲಿ, ಟಿಫ್ಲಿಸ್‌ನಲ್ಲಿ. ಕೊಮಿತಾಸ್ ಪೆನ್ನು ಕೆಳಗಿಟ್ಟಾಗ ಇವರಿನ್ನೂ ಹುಡುಗ. ಹತ್ತೊಂಬತ್ತನೇ ವಯಸ್ಸಿಗೆ ಮಾಸ್ಕೋದಲ್ಲಿ ಸಂಗೀತಶಾಲೆ ಸೇರಿದವರು. ಇಬ್ಬರ ಸಂಗೀತದ ನೀರೂ ಬೇರೆ ಬಾವಿಯದ್ದು. ಟಿಫ್ಲಿಸ್‌ನ ಬೀದಿಗಳಲ್ಲಿ ಆಶುಗ್ ಅನ್ನುವ ಅಲೆಮಾರಿ ಹಾಡುಗಾರರು ಆರ್ಮೇನಿಯನ್, ಜಾರ್ಜಿಯನ್, ಅಜರ್‌ಬೈಜಾನಿ, ಪರ್ಷಿಯನ್ ಸಂಗೀತವನ್ನೆಲ್ಲ ಬೆರೆಸಿ ಹಾಡುತ್ತಿದ್ದರು. ಖಚತುರಿಯನ್ ಕಿವಿ ತುಂಬಿದ್ದು ಅದು. ಕೊಮಿತಾಸ್‌ಗೆ ಈ ಪಟ್ಟಣದ ಮಿಶ್ರ ಸಂಗೀತದ ಮೇಲೆ ಅಷ್ಟು ಒಲವಿರಲಿಲ್ಲ. ಶುದ್ಧವಾದದ್ದು ಹಳ್ಳಿಯದ್ದು ಅಂತ ಅವರ ನಂಬಿಕೆ. ಆರ್ಮೇನಿಯನ್ನರಿಗೆ ತಮ್ಮದೇ ಸಂಗೀತ ಇಲ್ಲ, ಎಲ್ಲ ಟರ್ಕಿ-ಪರ್ಷಿಯದ ಎರವಲು ಅನ್ನುವವರಿಗೆ ಉತ್ತರ ಕೊಡುವ ಹಟ ಅದರ ಹಿಂದಿತ್ತು. ಹಟ ಅರ್ಥವಾಗುತ್ತದೆ. ಆದರೆ ಶುದ್ಧ-ಮಿಶ್ರ ಅನ್ನುವ ಆ ಗೆರೆ ಅವರು ಎಳೆದಷ್ಟು ನೇರ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. 1942ರ 'ಗಯಾನೆ' ಬ್ಯಾಲೆಯ ಕತ್ತಿ ನೃತ್ಯ ನೀವು ಖಂಡಿತ ಕೇಳಿರುತ್ತೀರಿ, ಸರ್ಕಸ್ಸಿನಲ್ಲೋ ಕಾರ್ಟೂನಿನಲ್ಲೋ. ಆ ದೊಡ್ಡ ಆರ್ಕೆಸ್ಟ್ರಾದ ಅಬ್ಬರವನ್ನೂ 'ಅಂತುನಿ'ಯನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ನಾನು ಹೇಳಿದ ವ್ಯತ್ಯಾಸ ಗೊತ್ತಾಗುತ್ತದೆ.

ಕೊಮಿತಾಸ್‌ಗೆ ಮನಸ್ಸಿನಿಂದ ಹತ್ತಿರವಾದ ಇನ್ನೊಬ್ಬರಿದ್ದಾರೆ, ಅವರ ದಾರಿ ನಮ್ಮ ಕಡೆಗೂ ಬಂತು. ಅಮೆರಿಕದಲ್ಲಿ ಹುಟ್ಟಿದ ಆರ್ಮೇನಿಯನ್ ಮೂಲದ ಸಂಯೋಜಕ ಅಲನ್ ಹೊವಾನೆಸ್. ಕೊಮಿತಾಸ್ ಅವರನ್ನು ತುಂಬ ಮೆಚ್ಚಿದವರು. 1959-60ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಭಾರತಕ್ಕೆ ಬಂದು ಮದ್ರಾಸಿನಲ್ಲಿ ಕರ್ನಾಟಕ ಸಂಗೀತ ಕಲಿತರು. ಮದ್ರಾಸ್ ಆಕಾಶವಾಣಿಯ ದಕ್ಷಿಣ ಭಾರತೀಯ ವಾದ್ಯವೃಂದಕ್ಕಾಗಿ 'ನಾಗೂರನ್' ಅನ್ನುವ ಕೃತಿ ಬರೆದರು. ಒಂದೇ ಎಳೆಯ ರಾಗಕ್ಕೆ ಮರ್ಯಾದೆ ಕೊಟ್ಟು ಸಂಗೀತ ಕಟ್ಟುವ ಪಾಠ ಅವರಿಗೆ ಎರಡೂ ಕಡೆಯಿಂದ ಸಿಕ್ಕಿತು.

ಎಲ್ಲಿಂದ ಕೇಳಲು ಶುರು ಮಾಡುವುದು? ನಿಮಗೆ ಪಾಶ್ಚಾತ್ಯ ಸಂಗೀತ ಹೊಸದಾದರೆ ಮೊದಲು ಧ್ವನಿ ಮತ್ತು ಪಿಯಾನೊ ಇರುವ 'ಅಂತುನಿ', 'ಗರುನ್ ಆ', 'ಕ್ರುಂಕ್' ಕೇಳಿ. ಲುಸಿನೆ ಜಕರ್ಯನ್ ಹಾಡಿರುವುದು ಸಿಕ್ಕರೆ ಬಿಡಬೇಡಿ. ಇಸಬೆಲ್ ಬೈರಕ್ದಾರ್ಯನ್ ಕೂಡ ಚೆನ್ನಾಗಿ ಹಾಡಿದ್ದಾರೆ, ಆದರೆ ಅದರಲ್ಲಿ ವಾದ್ಯವೃಂದ ಇದೆ, ಕೊಮಿತಾಸ್ ಬಿಟ್ಟ ಖಾಲಿ ಜಾಗ ಸ್ವಲ್ಪ ತುಂಬಿಹೋಗುತ್ತದೆ. ಆಮೇಲೆ ಪಿಯಾನೊ ನೃತ್ಯಗಳು. ನಾಲ್ಕು ತಂತಿವಾದ್ಯಗಳಿಗೆ ಸೆರ್ಗೆಯ್ ಅಸ್ಲಮಜ್ಯನ್ ಅಳವಡಿಸಿದ ಸಣ್ಣ ತುಣುಕುಗಳೂ ಇವೆ, ಪಿಟೀಲು ಕೇಳಿ ಅಭ್ಯಾಸ ಇರುವವರಿಗೆ ಅವು ಬೇಗ ಹತ್ತುತ್ತವೆ. '‌ಪತರಗ್' ಕೊನೆಗೆ ಇಟ್ಟುಕೊಳ್ಳಿ, ಒಂದು ಗಂಟೆಗೂ ಮಿಕ್ಕಿದ್ದು, ಬಿಡುವಾಗಿ ಕೇಳಬೇಕು. 1912ರ ಸುಮಾರಿನ ಕೆಲವು ಹಳೆಯ ಮುದ್ರಿಕೆಗಳಲ್ಲಿ ಸ್ವತಃ ಕೊಮಿತಾಸ್ ಇದ್ದಾರೆ, ಗಾಯಕ ಅರ್ಮೆನಾಕ್ ಶಾಹ್‌ಮುರಾದ್ಯನ್ ಜೊತೆಗಿನವೂ ಸೇರಿ. ಕರಕರ ಸದ್ದು ತುಂಬ ಇದೆ, ಆದರೂ ಅವರು ಸ್ವರದಿಂದ ಸ್ವರಕ್ಕೆ ಜಾರುವ ಬಗೆ ನಿಮ್ಮ ಕಿವಿಗೆ ಸಿಗುತ್ತದೆ. ಹುಡುಕುವಾಗ 'ಗೊಮಿದಾಸ್' ಅಂತಲೂ ಹುಡುಕಿ. ಪಶ್ಚಿಮ ಆರ್ಮೇನಿಯನ್ನರು ಹಾಗೆ ಉಚ್ಚರಿಸುತ್ತಾರೆ, ಎಷ್ಟೋ ಒಳ್ಳೆಯ ಮುದ್ರಿಕೆಗಳು ಆ ಹೆಸರಲ್ಲೇ ಇವೆ.